ಸಾರ್ವಜನಿಕ ಉಪನ್ಯಾಸ, ಕವಿತಾ ವಾಚನ: ನಾನು ನಡೆಸುವ ಬಗೆ

ವಿಶ್ವವಿದ್ಯಾಲಯದ ಸಾರ್ವಜನಿಕ ಕಾರ್ಯಕ್ರಮಗಳು ಕೆಡುವುದು ಬಹುಮಟ್ಟಿಗೆ ಎರಡೇ ಕಾರಣಕ್ಕೆ: ಮಾತು ಸರಿಯಾಗಿ ಕೇಳಿಸುವುದಿಲ್ಲ, ಇಲ್ಲವೇ ಹೊತ್ತು ಮೀರುತ್ತದೆ. ಭಾಷಣಕಾರರು ಎಷ್ಟೇ ಹೆಸರುವಾಸಿಯಾಗಿರಲಿ, ಇವೆರಡರಲ್ಲಿ ಒಂದು ಕೈಕೊಟ್ಟರೆ ಹೊರಗಿನಿಂದ ಬಂದ ಕೇಳುಗರು ಇನ್ನೊಮ್ಮೆ ಅತ್ತ ಸುಳಿಯುವುದಿಲ್ಲ. ನನ್ನ ತಯಾರಿಯ ಮುಕ್ಕಾಲು ಪಾಲು ಇದಕ್ಕೇ ಹೋಗುತ್ತದೆ. ಬ್ಯಾನರು, ಅಲಂಕಾರ ಬೇರೆಯವರು ನೋಡಿಕೊಳ್ಳಲಿ.

ಹೊತ್ತಿನ ಲೆಕ್ಕ ಆಹ್ವಾನ ಪತ್ರದಲ್ಲೇ ಶುರುವಾಗುತ್ತದೆ. ಎಂಟು–ಹತ್ತು ವಾರ ಮೊದಲೇ ಕಳಿಸುತ್ತೇನೆ. ಪರೀಕ್ಷೆಗೆ ಮುಂಚಿನ ಎರಡು ವಾರ ಮತ್ತು ಸೆಮಿಸ್ಟರಿನ ಮೊದಲ ವಾರವನ್ನು ಮುಟ್ಟುವುದಿಲ್ಲ. ಪತ್ರದಲ್ಲಿ ‘ಒಂದು ಗಂಟೆಯ ಉಪನ್ಯಾಸ’ ಎಂದು ಬರೆದರೆ ಅತಿಥಿ ಒಂದು ಗಂಟೆ ಮಾತಾಡಲು ಸಿದ್ಧರಾಗಿ ಬರುತ್ತಾರೆ, ತಪ್ಪು ಅವರದಲ್ಲ. ‘40 ನಿಮಿಷ ಮಾತು, 20 ನಿಮಿಷ ಪ್ರಶ್ನೋತ್ತರ’ ಎಂದೇ ಬರೆಯಬೇಕು. ಕೇಳುಗರಲ್ಲಿ ಆ ವಿಷಯ ಓದಿದವರೆಷ್ಟು, ಓದದವರೆಷ್ಟು ಎಂಬುದನ್ನೂ ತಿಳಿಸಬೇಕು. ಗೌರವಧನಕ್ಕೆ ಲೆಕ್ಕಪತ್ರ ವಿಭಾಗ ಯಾವ ದಾಖಲೆ ಕೇಳುತ್ತದೆಂದು ಅದೇ ಪತ್ರದಲ್ಲಿ ಹೇಳಿಬಿಟ್ಟರೆ, ಕಾರ್ಯಕ್ರಮ ಮುಗಿದು ತಿಂಗಳಾದ ಮೇಲೆ ಅತಿಥಿಯ ಬೆನ್ನು ಹತ್ತುವ ಮುಜುಗರ ತಪ್ಪುತ್ತದೆ. ಧ್ವನಿ–ದೃಶ್ಯ ಮುದ್ರಣ, ನೇರಪ್ರಸಾರ, ಮುಂದೆ ಜಾಲತಾಣದಲ್ಲಿ ಉಳಿಸಿಕೊಳ್ಳುವುದು, ಈ ಮೂರಕ್ಕೂ ಬೇರೆ ಬೇರೆ ಒಪ್ಪಿಗೆ ಕೇಳುತ್ತೇನೆ. ಇನ್ನೂ ಅಚ್ಚಾಗದ ಕವಿತೆ ಓದುವ ಕವಿ ಮೊದಲನೆಯದಕ್ಕೆ ಹೂಂ ಅಂದು ಮೂರನೆಯದಕ್ಕೆ ಬೇಡ ಅನ್ನಬಹುದು.

ಸಭಾಂಗಣ ಆರಿಸುವಾಗ ದೊಡ್ಡದರ ಮೋಹ ಬಿಡಬೇಕು. ಉಚಿತ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರಲ್ಲಿ ಅರ್ಧ ಮಂದಿ ಬರುತ್ತಾರೆಂದು ಇಟ್ಟುಕೊಂಡೇ ನಾನು ಕುರ್ಚಿ ಎಣಿಸುವುದು. 60 ಜನ 80 ಆಸನಗಳ ಕೊಠಡಿಯಲ್ಲಿ ಸಭೆಯಾಗುತ್ತಾರೆ, 300 ಆಸನಗಳ ಸಭಾಂಗಣದಲ್ಲಿ ಚೆಲ್ಲಾಪಿಲ್ಲಿಯಾಗುತ್ತಾರೆ. ಇದು ನೋಟದ ಮಾತಷ್ಟೇ ಅಲ್ಲ. ಜನರ ಮೈ, ಬಟ್ಟೆ ಧ್ವನಿಯನ್ನು ಹೀರಿಕೊಳ್ಳುತ್ತವೆ. ಖಾಲಿ ಸಭಾಂಗಣ ಅದನ್ನು ಗೋಡೆಯಿಂದ ಗೋಡೆಗೆ ಅಟ್ಟುತ್ತದೆ. ಮಾತಿಗೆ ಅನುರಣನ, ಅಂದರೆ ಧ್ವನಿ ನಿಂತ ಮೇಲೂ ಅದರ ಗುಂಗು ಉಳಿಯುವ ಹೊತ್ತು, ಒಂದು ಸೆಕೆಂಡಿನೊಳಗಿದ್ದರೆ ಚೆನ್ನ. ಸಂಗೀತಕ್ಕೆಂದು ಕಟ್ಟಿದ ಸಭಾಂಗಣದಲ್ಲಿ ಅದು ಎರಡು ಸೆಕೆಂಡಿನ ಹತ್ತಿರ ಇರುವುದುಂಟು, ಅಲ್ಲಿ ಒಂದು ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತದೆ. ಆಗ ಧ್ವನಿ ಏರಿಸಿ ಪ್ರಯೋಜನವಿಲ್ಲ, ಮಾತಿನ ಜೊತೆ ಪ್ರತಿಧ್ವನಿಯೂ ಏರುತ್ತದೆ. ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಜನರನ್ನು ಮುಂದೆ ಕೂರಿಸಿ, ಬಟ್ಟೆಯ ಪರದೆಗಳನ್ನು ಇಳಿಬಿಟ್ಟು, ಭಾಷಣಕಾರರಿಗೆ ನಿಧಾನವಾಗಿ ಮಾತಾಡಲು ಹೇಳುವುದೊಂದೇ ದಾರಿ.

ಮೈಕಿನ ವಿಷಯಕ್ಕೆ ಬರೋಣ. ಭಾಷಣಪೀಠದ ಮೈಕು ಬಾಯಿಯಿಂದ 15–20 ಸೆಂಟಿಮೀಟರ್ ದೂರದಲ್ಲಿರಬೇಕು. ದೂರ ಎರಡರಷ್ಟಾದರೆ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ಸರಿದೂಗಿಸಲು ಮಿಕ್ಸರಿನವರು (ಮೈಕುಗಳ ಧ್ವನಿ ಏರಿಳಿಸುವ ಯಂತ್ರದ ಮುಂದೆ ಕೂತವರು) ಏರಿಸಿದರೆ ಸ್ಪೀಕರಿನ ಧ್ವನಿ ಮತ್ತೆ ಮೈಕಿಗೆ ಹೊಕ್ಕು ಕೂಗು ಶುರು. ಸ್ಲೈಡಿನ ಪರದೆ ತೋರಿಸುತ್ತ ಹಿಂದೆ ತಿರುಗಿ ಮಾತಾಡುವ ಅಭ್ಯಾಸ ಇರುವವರಿಗೆ ಪೀಠದ ಮೈಕು ಸಾಲದು, ಕಾಲರ್ ಮೈಕು ಬೇಕು. ಅದನ್ನು ಗದ್ದದಿಂದ ಒಂದು ಗೇಣು ಕೆಳಗೆ, ಪರದೆ ಇರುವ ಪಕ್ಕಕ್ಕೆ ಸಿಕ್ಕಿಸಬೇಕು. ಸರ, ಶಾಲು, ಗುರುತಿನ ಚೀಟಿಯ ದಾರ ಉಜ್ಜದಂತೆ ನೋಡಿಕೊಳ್ಳಬೇಕು. ಕೈಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡವರಿಗೆ ಅದರ ಕೆಳಗಿನ ಹಿಡಿಯನ್ನು ಹಿಡಿಯಲು ಹೇಳಿ: ಜಾಲರಿ ಮುಚ್ಚಿದರೆ ಮೈಕು ಮುಂದಿನ ಧ್ವನಿಯನ್ನಷ್ಟೇ ಆರಿಸಿಕೊಳ್ಳುವ ಗುಣ ಕಳೆದುಕೊಂಡು ಸ್ಪೀಕರಿನ ಧ್ವನಿಯನ್ನೂ ಎಳೆದುಕೊಳ್ಳುತ್ತದೆ. ಸ್ಪೀಕರುಗಳು ಯಾವತ್ತೂ ಮೈಕಿಗಿಂತ ಮುಂದೆ, ಸಭಿಕರ ಕಡೆಗಿರಬೇಕು. ವೈರ್‌ಲೆಸ್ ಮೈಕಿಗೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ಬ್ಯಾಟರಿ. ಪೀಠದ ಮೇಲೆ ತಂತಿಯ ಮೈಕೊಂದು ಸದಾ ಸಿದ್ಧ.

‘ಹಲೋ, ಒಂದು, ಎರಡು’ ಅನ್ನುವುದು ಪರೀಕ್ಷೆಯೇ ಅಲ್ಲ. ನಾನು ಒಬ್ಬರಿಂದ ಪತ್ರಿಕೆಯ ಒಂದು ಪ್ಯಾರಾ ಓದಿಸಿ ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಸಕಾರ ಶಕಾರ ಬೇರೆ ಬೇರೆಯಾಗಿ ಕೇಳಿಸಬೇಕು, ಪಕಾರ ಭಕಾರ ಬಂದಾಗ ಗಾಳಿ ಬಡಿದ ಸದ್ದು ಬರಬಾರದು. ಬಂದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಓರೆ ಮಾಡಿ, ಮಿಕ್ಸರಿನಲ್ಲಿ 80–100 ಹರ್ಟ್ಜ್‌ಗಿಂತ ಕೆಳಗಿನ ಮಂದ್ರ ಧ್ವನಿಯನ್ನು ಕತ್ತರಿಸಿದರೆ ಸಾಕು.

ಸ್ಲೈಡುಗಳನ್ನು ಹಿಂದಿನ ದಿನವೇ ತರಿಸಿಕೊಂಡು ಅದೇ ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದರೆ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಫಾಂಟು ಒಳಗೊಂಡ ಪಿಡಿಎಫ್ ಪ್ರತಿ ಜೊತೆಗಿದ್ದರೆ ಈ ತಾಪತ್ರಯವಿಲ್ಲ.

ವಾಚನದ್ದು ಬೇರೆಯೇ ಹದ. ಕವಿತೆ ಕಿವಿಗೆ ದಣಿವು ತರುತ್ತದೆ. ಒಳ್ಳೆಯ ಕವಿತೆಯಾದರೆ ಇನ್ನೂ ಬೇಗ. ಮೂವರು ಕವಿಗಳಿದ್ದರೆ ತಲಾ 15 ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಒಂದು ಕವಿತೆಗೆ, ಅದರ ಹಿಂದುಮುಂದಿನ ಮಾತೂ ಸೇರಿ, ಮೂರು ನಿಮಿಷ ಹಿಡಿದರೆ ಐದು ಕವಿತೆಗಳಾಗುತ್ತವೆ. ಕವಿಗಳಿಗೆ ‘15 ನಿಮಿಷ’ ಅನ್ನುವುದಕ್ಕಿಂತ ‘ಐದು ಕವಿತೆ’ ಅಂದರೆ ಚೆನ್ನಾಗಿ ಅರ್ಥವಾಗುತ್ತದೆ. ಗದ್ಯ ಓದುವವರಿಗೆ ಮನೆಯಲ್ಲೇ ಒಂದು ಪುಟ ಗಟ್ಟಿಯಾಗಿ ಓದಿ ಗಡಿಯಾರ ನೋಡಲು ಹೇಳುತ್ತೇನೆ, ಮನಸ್ಸಿನಲ್ಲಿ ಓದಿ ಹಾಕಿದ ಲೆಕ್ಕ ಯಾವಾಗಲೂ ಕಡಿಮೆಯೇ. ಹಸ್ತಪ್ರತಿ 16 ಪಾಯಿಂಟಿನಲ್ಲಿ, ಹಾಳೆಯ ಒಂದೇ ಬದಿಗೆ, ಪುಟಸಂಖ್ಯೆ ಹಾಕಿ, ಪಿನ್ ಹೊಡೆಯದೆ ಇರಲಿ. ಪುಟದ ಕೆಳಗಿನ ಕಾಲುಭಾಗ ಖಾಲಿ ಬಿಟ್ಟರೆ ಓದುವವರ ತಲೆ ಬಗ್ಗುವುದಿಲ್ಲ, ಬಾಯಿ ಮೈಕಿನಿಂದ ಜಾರುವುದಿಲ್ಲ. ಪರದೆಗಾಗಿ ದೀಪ ಆರಿಸಿದಾಗ ಪೀಠದ ಮೇಲೆ ಪುಟ್ಟ ದೀಪ ಉಳಿಯಬೇಕು. ಸಂಜ್ಞಾ ಭಾಷೆಯ ಅನುವಾದಕರು ಇರುವುದಾದರೆ ಅವರ ಮೇಲೂ ಬೆಳಕಿರಬೇಕು. ಒಂದು ಗಂಟೆಯ ಕಾರ್ಯಕ್ರಮಕ್ಕೆ ಇಬ್ಬರು ಬೇಕು, 15–20 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಕವಿತೆಗಳು ಅವರ ಕೈಗೆ ಕೆಲವು ದಿನ ಮೊದಲೇ ಸಿಗಲಿ.

ಹಾಡು, ನಾಟಕದ ತುಣುಕು, ವಾದ್ಯ ಎಲ್ಲ ಒಂದೇ ಸಂಜೆಯಲ್ಲಿದ್ದರೆ ಧ್ವನಿ ಪರೀಕ್ಷೆಯನ್ನು ಹಿಂದುಮುಂದಾಗಿ ಮಾಡಿ: ಕೊನೆಯ ತಂಡ ಮೊದಲು, ಮೊದಲ ತಂಡ ಕೊನೆಗೆ. ಹೀಗೆ ಮಾಡಿದರೆ ರಂಗದ ಪರದೆ ಏಳುವಾಗ ಮೈಕುಗಳು ಮೊದಲ ತಂಡಕ್ಕೆ ಬೇಕಾದಲ್ಲೇ ನಿಂತಿರುತ್ತವೆ.

ಹೊರಗಿನವರಿಗೆ ಕಟ್ಟಡದ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. ಮುಖ್ಯದ್ವಾರದಿಂದ ಸಭಾಂಗಣದವರೆಗೆ ದಾರಿ ಕವಲೊಡೆಯುವಲ್ಲೆಲ್ಲ ಬಾಣದ ಗುರುತು ಬೇಕು, ಕಾವಲಿನವರಿಗೆ ಮೊದಲೇ ತಿಳಿಸಿರಬೇಕು. ‘ಎಲ್ಲರಿಗೂ ಸ್ವಾಗತ’ ಎಂಬ ಪೋಸ್ಟರು ನೋಡಿ ಬಂದವರನ್ನು ಗೇಟಿನಲ್ಲೇ ಗುರುತಿನ ಚೀಟಿ ಕೇಳಿ ವಾಪಸು ಕಳಿಸಿದರೆ ಉಳಿದದ್ದೆಲ್ಲ ದಂಡ.

ಪರಿಚಯ ಎರಡು ನಿಮಿಷ, ಬರೆದಿಟ್ಟದ್ದು, ಅತಿಥಿಗೆ ಮೊದಲೇ ತೋರಿಸಿದ್ದು. ಮುಂದಿನ ಸಾಲಿನಲ್ಲಿ ಕೂತವರೊಬ್ಬರು 10, 5, 1 ಎಂದು ದೊಡ್ಡದಾಗಿ ಬರೆದ ಚೀಟಿಗಳನ್ನು ಎತ್ತಿ ತೋರಿಸುತ್ತಾರೆ. ಹೀಗೆ ಮಾಡುತ್ತೇವೆಂದು ಅತಿಥಿಗೆ ಮುಂಚೆಯೇ ಹೇಳಿರುತ್ತೇನೆ. ಪ್ರಶ್ನೋತ್ತರಕ್ಕೆ ಎರಡು ಕೈಮೈಕು, ಎರಡೂ ಸ್ವಯಂಸೇವಕರ ಕೈಯಲ್ಲೇ ಇರಬೇಕು. ಮೈಕು ಕೇಳುಗರ ಕೈಗೆ ಹೋದರೆ ಪ್ರಶ್ನೆ ಭಾಷಣವಾಗುತ್ತದೆ. ಮೂರು ಪ್ರಶ್ನೆ ಒಟ್ಟಿಗೆ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ: ಅತಿಥಿ ಸುಲಭದ್ದಕ್ಕೆ ಉತ್ತರಿಸಿ ಕಷ್ಟದ್ದನ್ನು ಮರೆಯುತ್ತಾರೆ. ಮೊದಲು ಯಾರೂ ಕೈಯೆತ್ತದಿದ್ದರೆ ಹತ್ತು ಸೆಕೆಂಡು ಸುಮ್ಮನಿರಿ, ಒಂದು ಕೈ ಏಳುತ್ತದೆ.

ಧ್ವನಿಮುದ್ರಣಕ್ಕೆ ಕ್ಯಾಮೆರಾದ ಮೈಕನ್ನು ನಂಬಬೇಡಿ. ಮಿಕ್ಸರಿನ ಲೈನ್ ಔಟ್‌ನಿಂದ ರೆಕಾರ್ಡರಿನ ಲೈನ್ ಇನ್‌ಗೆ ಎಳೆಯಿರಿ. ಮೈಕಿನ ಸಣ್ಣ ಸಂಕೇತಕ್ಕೆಂದಿರುವ ಮೈಕ್ ಇನ್‌ಗೆ ಚುಚ್ಚಿದರೆ ಧ್ವನಿ ಒಡೆಯುತ್ತದೆ. ರೆಕಾರ್ಡರಿನ ಮಾಪಕದಲ್ಲಿ ಸೊನ್ನೆಯೇ ಮಿತಿ, ಏರಿದ ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ, ಚಪ್ಪಾಳೆಗೆ ಜಾಗ ಉಳಿಯುತ್ತದೆ. ನೇರಪ್ರಸಾರಕ್ಕೆ ವೈಫೈ ಬೇಡ, ಕೇಬಲ್ ಬೇಕು. 1080ಪಿ (ಫುಲ್ ಎಚ್‌ಡಿ) ಪ್ರಸಾರಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ಬಳಸುವುದಾದರೆ ಅಪ್‌ಲೋಡ್ ವೇಗ ಅದರ ಎರಡರಷ್ಟಿರಬೇಕು. ಕ್ಯಾಂಪಸ್ಸಿನ ಫೈರ್‌ವಾಲ್ (ಜಾಲದ ಕಾವಲು ವ್ಯವಸ್ಥೆ) ಕೆಲವೊಮ್ಮೆ ನೇರಪ್ರಸಾರ ಕಳಿಸುವ ವಿಧಾನವಾದ ಆರ್‌ಟಿಎಂಪಿ ಬಳಸುವ 1935ನೇ ಪೋರ್ಟನ್ನು, ಅಂದರೆ ಜಾಲದ ಆ ಬಾಗಿಲನ್ನು, ಮುಚ್ಚಿರುತ್ತದೆ. ಆಗ 443ನೇ ಪೋರ್ಟಿನಲ್ಲಿ ಹೋಗುವ, ಅದರ ಗೂಢಲಿಪೀಕರಿಸಿದ ರೂಪವಾದ ಆರ್‌ಟಿಎಂಪಿಎಸ್ ಬಳಸಬಹುದು, ಇಲ್ಲವೇ ನೆಟ್‌ವರ್ಕ್ ವಿಭಾಗಕ್ಕೆ ವಾರ ಮೊದಲು ಪತ್ರ ಬರೆಯಬೇಕು. ಮುಗಿದ ಮೇಲೆ ಕಡತವನ್ನು ಎರಡು ಬೇರೆ ಡಿಸ್ಕುಗಳಿಗೆ ಇಳಿಸಿ, ಉಪಶೀರ್ಷಿಕೆಯಲ್ಲಿ ಯಂತ್ರ ತಪ್ಪಿದ ಹೆಸರುಗಳನ್ನು ತಿದ್ದಿ, ಅತಿಥಿಗೆ ಕೊಂಡಿ ಕಳಿಸುತ್ತೇನೆ. ಅವರು ತೆಗೆಯಿರಿ ಅಂದ ಭಾಗವನ್ನು ತೆಗೆದ ನಂತರವೇ ಅದನ್ನು ಪ್ರಕಟಿಸುವುದು.