ಟ್ಯೂಮರ್ ಬೋರ್ಡ್‌ಗೆ ಫೈಲ್ ಹೋಗೋ ಮುಂಚೆ ಮನೆಯವರು ಮಾಡ್ಕೋಬೇಕಾದ ಕೆಲಸ

ಎದೇಲಿ ಗಂಟು ಇದೆ ಅಂತ ಗೊತ್ತಾದ ತಕ್ಷಣ ಮನೇಲಿ ಎಲ್ರೂ ಹೇಳೋದು ಒಂದೇ, ಮೊದ್ಲು ತೆಗೆಸಿಬಿಡಿ ಅಂತ. ನಮ್ಮತ್ತೆಗೂ ಹಾಗೇ ಆಯ್ತು, ಊರ ಹತ್ರದ ನರ್ಸಿಂಗ್ ಹೋಮಲ್ಲಿ ಬಯಾಪ್ಸಿನೂ (ಗಂಟಿನ ಒಂದು ಚೂರು ತೆಗೆದು ಮಾಡೋ ಪರೀಕ್ಷೆ) ಮಾಡ್ದೆ ಗಂಟು ತೆಗೆದ್ರು, ಆಮೇಲೆ ರಿಪೋರ್ಟಲ್ಲಿ ಕ್ಯಾನ್ಸರ್ ಅಂತ ಬಂತು, ಬೆಂಗಳೂರಿಗೆ ಕರ್ಕೊಂಡು ಬಂದ್ರೆ ಡಾಕ್ಟ್ರು ಕೇಳಿದ ಮೊದಲ್ನೇ ಪ್ರಶ್ನೆಗೇ ನಮ್ಮತ್ರ ಉತ್ತರ ಇಲ್ಲ: ತೆಗೆಯೋ ಮುಂಚೆ ಎಷ್ಟು ದೊಡ್ಡದಿತ್ತು, ಕಂಕುಳಲ್ಲೂ ಗಂಟಿತ್ತಾ? ಅತ್ತೆಗೆ ಎರಡನೇ ಸಲ ಆಪರೇಷನ್ ಆಯ್ತು. ಇನ್ನೊಬ್ರಿಗೆ ಹಾಗಾಗೋದು ಬೇಡ ಅಂತಾನೇ ಇದನ್ನ ಬರೀತಿದೀನಿ.

ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಟ್ಯೂಮರ್ ಬೋರ್ಡ್ ಅಂತ ಒಂದು ಮೀಟಿಂಗ್ ನಡೆಯುತ್ತೆ. ಸರ್ಜನ್, ಕೀಮೋ ಕೊಡೋ ಮೆಡಿಕಲ್ ಆಂಕಾಲಜಿಸ್ಟ್, ರೇಡಿಯೇಶನ್ ಡಾಕ್ಟ್ರು (ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದು), ಸ್ಕ್ಯಾನ್ ಓದೋ ರೇಡಿಯಾಲಜಿಸ್ಟ್, ಸ್ಲೈಡ್ ನೋಡೋ ಪೆಥಾಲಜಿಸ್ಟ್, ಇವರೆಲ್ಲ ಕೂತು ಒಂದೊಂದೇ ಕೇಸ್ ನೋಡಿ ಯಾವುದು ಮೊದ್ಲು ಯಾವುದು ಆಮೇಲೆ ಅಂತ ತೀರ್ಮಾನ ಮಾಡ್ತಾರೆ. ಈ ಮೊದ್ಲು-ಆಮೇಲೆ ಅನ್ನೋದೇ ಮುಖ್ಯ. ಸ್ತನ ಕ್ಯಾನ್ಸರಲ್ಲಿ ಎಷ್ಟೋ ಸಲ ಕೀಮೋನೇ ಮೊದ್ಲು, ಗಂಟು ಸಣ್ಣದಾದ್ಮೇಲೆ ಆಪರೇಷನ್, ಕೀಮೋಗೆ ಗಂಟು ಪೂರ್ತಿ ಕರಗಿಹೋದ್ರೆ ಸರ್ಜನ್‌ಗೆ ಜಾಗ ಗೊತ್ತಾಗ್ಬೇಕಲ್ಲ, ಅದಕ್ಕೆ ಮುಂಚೆನೇ ಒಳಗೆ ಒಂದು ಸಣ್ಣ ಲೋಹದ ಕ್ಲಿಪ್ ಹಾಕಿರ್ತಾರೆ. ಬಾಯಿ ಕ್ಯಾನ್ಸರಲ್ಲಿ ಕರೆಂಟ್ ಕೊಡೋ ಮುಂಚೆ ಹಲ್ಲಿನ ಡಾಕ್ಟ್ರು ನೋಡ್ಬೇಕು, ಕೆಟ್ಟ ಹಲ್ಲಿದ್ರೆ ಆಗ್ಲೇ ಕೀಳಿಸಿ ಗಾಯ ಮಾಗೋಕೆ ಬಿಡ್ಬೇಕು, ರೇಡಿಯೇಶನ್ ಆದ್ಮೇಲೆ ಕಿತ್ರೆ ದವಡೆ ಮೂಳೆ ಮಾಗದೆ ಕೊಳೆಯೋ ಅಪಾಯ ಇರುತ್ತೆ.

ಈಗ ನಿಮ್ಮ ಕೆಲಸ. ಬೋರ್ಡ್ ನೋಡೋದು ಫೈಲನ್ನ, ಹಾಗಾಗಿ ಫೈಲ್ ಪೂರ್ತಿ ಇರ್ಬೇಕು. ಸ್ಕ್ಯಾನಿನ ಬರೀ ರಿಪೋರ್ಟ್ ಹಾಳೆ ಸಾಲದು, ಸಿಡಿ ಬೇಕು. ಬಯಾಪ್ಸಿ ಬೇರೆ ಕಡೆ ಆಗಿದ್ರೆ ಆ ಲ್ಯಾಬಿಗೆ ಹೋಗಿ ಸ್ಲೈಡು (ಚೂರಿನ ತೆಳು ಪದರ ಇರೋ ಗಾಜು) ಮತ್ತೆ ಮೇಣದ ಬ್ಲಾಕು (ಉಳಿದ ಚೂರನ್ನ ಮೇಣದಲ್ಲಿ ಇಟ್ಟಿರೋದು) ಎರಡೂ ಕೇಳಿ ತಗೊಳ್ಳಿ, ಹೊಸ ಆಸ್ಪತ್ರೇಲಿ ಅವರ ಪೆಥಾಲಜಿಸ್ಟ್ ಇನ್ನೊಂದು ಸಲ ನೋಡ್ತಾರೆ, ಬ್ಲಾಕ್ ಇದ್ರೆ ಸಾಮಾನ್ಯವಾಗಿ ಮತ್ತೆ ಸೂಜಿ ಚುಚ್ಚಿಸ್ಕೊಳ್ಳೋ ಕಷ್ಟ ತಪ್ಪುತ್ತೆ. ಸ್ತನ ಕ್ಯಾನ್ಸರ್ ಆದ್ರೆ ಕ್ಯಾನ್ಸರ್ ಯಾವ ಬಗೆಯದು ಅಂತ ಹೇಳೋ ಇಆರ್, ಪಿಆರ್, ಹರ್2 ಅನ್ನೋ ಟೆಸ್ಟ್‌ಗಳ ಫಲಿತಾಂಶ ಮೂರೂ ಬಂದಿದೆಯಾ ನೋಡಿ, ಹರ್2 ಮುಂದೆ 2+ ಅಂತ ಬರೆದಿದ್ರೆ ಅದು ಅರ್ಧ ಉತ್ತರ ಅಷ್ಟೇ, ಫಿಶ್ ಅನ್ನೋ ಇನ್ನೊಂದು ಟೆಸ್ಟ್ ಆಗ್ಬೇಕು, ಆ ರಿಪೋರ್ಟ್ ಬರೋವರೆಗೆ ಕಾಯೋದು ಕಷ್ಟ ಅಂತ ನನಗೂ ಗೊತ್ತು, ಆದ್ರೆ ಯಾವ ಔಷಧಿ ಕೊಡ್ಬೇಕು ಅನ್ನೋದೇ ಅದರ ಮೇಲೆ ನಿಂತಿರುತ್ತೆ.

ಬಿಪಿ, ಶುಗರ್ ಮಾತ್ರೆಗಳ ಪಟ್ಟಿನೂ ಫೈಲಲ್ಲಿ ಇಡಿ. ಅತ್ತೆ ಶುಗರ್ ವಿಷ್ಯ ಸರ್ಜನ್‌ಗೆ ಹೇಳಿದ್ವಿ, ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡು ಕೀಮೋ ವಾರ್ಡಲ್ಲಿ ಹೇಳೋದು ಮರೆತ್ವಿ. ಕೀಮೋ ಜೊತೆ ಕೊಡೋ ಸ್ಟೀರಾಯ್ಡಿಂದ ಶುಗರ್ ಏರುತ್ತೆ, ಅವತ್ತು ರಾತ್ರಿ ತುಂಬಾ ಹೆದರಿಬಿಟ್ವಿ. ಡಾಕ್ಟ್ರು ಡಾಕ್ಟ್ರು ಮಾತಾಡ್ಕೊಂಡಿರ್ತಾರೆ ನಿಜ, ಆದ್ರೂ ಪ್ರತಿ ಕೋಣೇಲೂ ನೀವು ಇನ್ನೊಂದು ಸಲ ಹೇಳಿ, ತಪ್ಪು ತಿಳ್ಕೊಳಲ್ಲ.

ಬೋರ್ಡ್ ಆದ್ಮೇಲೆ ತೀರ್ಮಾನ ಬರೆದ ಹಾಳೆಯ ಒಂದು ಪ್ರತಿ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೇಲಿ (ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ) ಮಾಡಿಸೋದಾದ್ರೆ ಅಪ್ರೂವಲ್‌ಗೆ ಆ ಹಾಳೆ ಕೇಳ್ಬಹುದು, ಏನೇನು ಬೇಕು ಅಂತ ಆಸ್ಪತ್ರೇಲಿ ಈ ಯೋಜನೆಯ ಕೆಲಸ ನೋಡ್ಕೊಳ್ಳೋ ಆರೋಗ್ಯಮಿತ್ರರನ್ನ ಮೊದಲ್ನೇ ದಿನಾನೇ ಕೇಳಿಟ್ಕೊಳ್ಳಿ. ಇಷ್ಟು ಜನ ಡಾಕ್ಟ್ರಲ್ಲಿ ನಮ್ಮ ಮುಖ್ಯ ಡಾಕ್ಟ್ರು ಯಾರು, ಕೀಮೋ ಮುಗಿದು ಎಷ್ಟು ವಾರಕ್ಕೆ ಆಪರೇಷನ್, ಮಧ್ಯೆ ಯಾವ ಸ್ಕ್ಯಾನ್, ಇದನ್ನೂ ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಪ್ಯಾಲಿಯೇಟಿವ್ ಡಾಕ್ಟ್ರನ್ನ ನೋಡಿ ಅಂದ್ರೆ ಎಲ್ಲಾ ಮುಗೀತು ಅಂತ ಅಳ್ಬೇಡಿ, ನೋವು, ವಾಂತಿ, ನಿದ್ದೆ ಬರದೇ ಇರೋದು ಇದನ್ನೆಲ್ಲ ನೋಡ್ಕೊಳ್ಳೋ ಡಾಕ್ಟ್ರು ಅವರು, ಟ್ರೀಟ್‌ಮೆಂಟ್ ನಡೀತಿರುವಾಗ್ಲೇ ಅವರ ಸಹಾಯ ತಗೋಬಹುದು.

ಪ್ರತಿ ಸಲ ಬೆಂಗಳೂರಿಗೆ ಬರೋದು ಆಗಲ್ಲ ಅನ್ನೋರು ಹತ್ತಿರದಲ್ಲಿ ಕೀಮೋ ತಗೋಬಹುದಾ ಅಂತ ಕೇಳಿ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯ ಶಾಖೆ ಕಲಬುರಗಿಯಲ್ಲಿದೆ, 2025ರಿಂದ ಕೆಲವು ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕೀಮೋ (ಅವತ್ತೇ ತಗೊಂಡು ಅವತ್ತೇ ಮನೆಗೆ ಹೋಗೋದು) ಶುರುವಾಗಿದೆ. ಆದ್ರೆ ಎರಡು ಕಡೆ ಓಡಾಡುವಾಗ ಪ್ರತಿ ಸೈಕಲ್‌ನ (ಕೀಮೋದ ಒಂದೊಂದು ಸುತ್ತಿನ) ಡೋಸ್ ಮತ್ತು ರಕ್ತದ ರಿಪೋರ್ಟನ್ನ ನೀವೇ ಅಲ್ಲಿಂದ ಇಲ್ಲಿಗೆ ತಲುಪಿಸ್ಬೇಕಾಗ್ಬಹುದು.

ನೋಟ್‌ಬುಕ್ಕಿನ ಮೊದಲ್ನೇ ಪುಟದಲ್ಲಿ ಒಂದು ಫೋನ್ ನಂಬರ್ ದೊಡ್ಡದಾಗಿ ಬರ್ಕೊಳ್ಳಿ, ಭಾನುವಾರ ರಾತ್ರಿ ಹನ್ನೆರಡಕ್ಕೂ ಯಾರಾದ್ರೂ ಎತ್ತೋ ನಂಬರ್ ಆಗಿರ್ಬೇಕು. ಕೀಮೋ ನಡೀತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ, ಮನೇಲಿರೋ ಡೋಲೋ ಕೊಟ್ಟು ಮಲಗಿಸೋ ಹಾಗೂ ಇಲ್ಲ, ಫೋನ್ ಮಾಡ್ತಾನೇ ಗಾಡಿ ಹತ್ತಿಸ್ಬೇಕು.