ಮೈನಸ್ 18ರ ಚಳಿಯಲ್ಲೂ ಸುಳಿ ಉಳಿಯಿತು: ನನ್ನ ಅನುಭವ

ಚಳಿಗೆ ಅಂತ ಪಾಮ್ ಗಿಡದ ಸುತ್ತ ಕಟ್ಟಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದವನೇ ಮೊದಲು ಮಾಡಿದ ಕೆಲಸ ಸುಳಿ, ಅಂದರೆ ನಡುವಿನ ಎಳೆಗರಿ, ಹಿಡಿದು ಎಳೆದದ್ದು. ಚಳಿ ಊರಲ್ಲಿ ಪಾಮ್ ಬೆಳೆಸುವವರಿಗೆಲ್ಲ ಈ ಎಳೆತ ಗೊತ್ತು, ಆಗಿನ ಎದೆಬಡಿತವೂ ಗೊತ್ತು. ಸತ್ತಿದ್ದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೈಗೆ ಬರುತ್ತದೆ. ಬುಡದಲ್ಲಿ ಕಂದು ಲೋಳೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಈ ಸಲ ಬರಲಿಲ್ಲ. ಇನ್ನೊಮ್ಮೆ ಎಳೆದೆ. ಇಡೀ ಗಿಡ ಅಲ್ಲಾಡಿತು, ಸುಳಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಹೊರಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದಿದ್ದ ಚಳಿಗಾಲ ಅದು. ಗಿಡ ವಿಂಡ್‌ಮಿಲ್ ಪಾಮ್, ಟ್ರಾಕಿಕಾರ್ಪಸ್ ಫಾರ್ಚೂನೈ. ಬುಡದಿಂದ ಗರಿ ತುದಿಗೆ ನನಗಿಂತ ಒಂದು ಗೇಣು ಜಾಸ್ತಿ ಎತ್ತರ. "ಹಿಮದಲ್ಲಿ ಯಾರಾದ್ರೂ ಪಾಮ್ ಬೆಳೀತಾರಾ" ಅಂತ ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಹೇಳುತ್ತಿದ್ದೆ. ಗಿಡ ಹುಡುಕಿಕೊಂಡು ಊರೂರು ಅಲೆದ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್ ಇದನ್ನು ಚೀನಾದಿಂದ ಇಂಗ್ಲೆಂಡಿಗೆ ಕಳಿಸಿದ್ದು 1849ರಲ್ಲಿ, ಅಲ್ಲಿನ ತೋಟಗಳಲ್ಲಿ ಅದು ಬಯಲಲ್ಲೇ ನಿಂತಿದೆ. ಯಾರೂ ನಂಬುತ್ತಿರಲಿಲ್ಲ. ನಂಬದಿರಲು ಅವರಿಗೆ ಕಾರಣವೂ ಇತ್ತು, ಏಕೆಂದರೆ ಅದುವರೆಗೆ ನಾನು ಕೊಂದ ಗಿಡಗಳು ಅವರ ಕಣ್ಣ ಮುಂದೆಯೇ ಇದ್ದವು.

ಮೊದಲನೇದು ಕ್ಯಾನರಿ ಈಚಲು. ದುರಾಸೆ, ಬೇರೇನಿಲ್ಲ. ದೊಡ್ಡ ಗಿಡ ತಂದರೆ ಬೇಗ ತೋಪಿನ ಹಾಗೆ ಕಾಣುತ್ತದೆ ಅಂತ ಅರ್ಧ ತಿಂಗಳ ಸಂಬಳ ಸುರಿದೆ. ಅದೂ ಚಳಿಗೆ ಎರಡು ತಿಂಗಳು ಇರುವಾಗ ನೆಟ್ಟೆ, ಬೇರು ಊರಲು ಸಮಯವೇ ಸಿಗಲಿಲ್ಲ. ಮೈನಸ್ 7, 8ರ ಹತ್ತಿರ ಅದರ ಕಥೆ ಮುಗಿಯುತ್ತದೆ ಅಂತ ಓದಿದ್ದೆ, ಆದರೂ "ನೋಡೋಣ" ಅಂದುಕೊಂಡೆ. ಮೈನಸ್ 11 ಬಂತು. ಗರಿಗಳು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿದವು.

ಎರಡನೇ ವರ್ಷ ಬುದ್ಧಿ ಬಂತು, ಅರ್ಧ ಮಾತ್ರ. ವಿಂಡ್‌ಮಿಲ್ ಪಾಮ್ ತಂದೆ, ಸಣ್ಣದು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಗಾಳಿ ಆಡದ ಹಾಗೆ ಬಿಗಿದೆ. ಆಮೇಲೆ ಒಂದು ಬಿಸಿಲಿನ ಮಧ್ಯಾಹ್ನ ಒಳಗೆ ಕೈ ಹಾಕಿದರೆ ಬಚ್ಚಲುಮನೆಯ ಹಬೆ. ಪ್ಲಾಸ್ಟಿಕ್ಕಿನ ಒಳಮೈ ತುಂಬ ಹನಿ, ಆ ಹನಿಯೆಲ್ಲ ಜಾರಿ ಸುಳಿಯ ಬಟ್ಟಲಿಗೇ ಇಳಿಯುತ್ತಿತ್ತು. ರಾತ್ರಿ ಅದೇ ನೀರು ಮಂಜುಗಡ್ಡೆ. ತೆಂಗು, ಅಡಿಕೆಗೆ ಬರುವ ಸುಳಿಕೊಳೆಯನ್ನು ನಾನೇ ಕೈಯಾರೆ ತಯಾರು ಮಾಡಿದ್ದೆ. ಚಳಿ ಕೊಂದಿರಲಿಲ್ಲ, ನನ್ನ ಆರೈಕೆ ಕೊಂದಿತ್ತು. ಈ ಪಾಮ್‌ಗೆ ಬೆಳೆಯುವ ಕಣ್ಣು ಒಂದೇ. ಅದು ಹೋದರೆ ಪಕ್ಕದಿಂದ ಚಿಗುರುವ ಮಾತೇ ಇಲ್ಲ.

ಮೂರನೇ ವರ್ಷದ್ದು ಹೇಳಿಕೊಳ್ಳಲು ನಾಚಿಕೆ. ಸರದ ದೀಪ ಸುತ್ತಿದರೆ ಬೆಚ್ಚಗಿರುತ್ತದೆ ಅಂತ ಕೇಳಿ ಸುತ್ತಿದೆ. ಎಲ್‌ಇಡಿ ಸರ! ತುಂಬಾ ಚೆನ್ನಾಗಿ ಕಾಣುತ್ತಿತ್ತು. ಶಾಖ ಮಾತ್ರ ಸೊನ್ನೆ. ಹಳೇ ಕಾಲದ ತಂತಿ ಬಲ್ಬ್ ವಿದ್ಯುತ್ತನ್ನು ಬಹುಪಾಲು ಶಾಖವಾಗಿ ಹಾಳು ಮಾಡುತ್ತದೆ ಅಲ್ವಾ, ನಮಗೆ ಬೇಕಾದದ್ದು ಆ ಹಾಳೇ.

ನಾಲ್ಕನೇ ವರ್ಷ ಸೇಡಿಗೆ ಬಿದ್ದವನ ಹಾಗೆ 1500 ವಾಟಿನ ಫ್ಯಾನ್ ಹೀಟರ್ ಇಟ್ಟೆ. ಗಿಡ ಚೆನ್ನಾಗೇ ಇತ್ತು. ಕರೆಂಟ್ ಬಿಲ್ ನೋಡಿ ಮನೆಯವಳು ಒಂದು ವಾರ ನೆಟ್ಟಗೆ ಮಾತಾಡಲಿಲ್ಲ. ಚಳಿ ಕೊರೆಯುವ ರಾತ್ರಿಯೇ ಕರೆಂಟ್ ಹೋಯಿತು. ಬೆಚ್ಚಗಿದ್ದು ಮೆತ್ತಗಾದ ಗಿಡಕ್ಕೆ ಒಮ್ಮೆಲೇ ಮೈನಸ್ 13. ಅದನ್ನು ಅರ್ಧ ಉಳಿಸಿಕೊಂಡೆ. ಕೊಳೆತ ಸುಳಿ ಕಿತ್ತು, ಕಾಂಡವನ್ನು ಬಿಳಿ ಗಟ್ಟಿ ತಿರುಳು ಕಾಣುವವರೆಗೆ ಅಡ್ಡಡ್ಡ ಕೊಯ್ದು, ತಾಮ್ರದ ಔಷಧ ಬಳಿದು ಮೇಲೆ ಮಳೆ ಬೀಳದ ಹಾಗೆ ಹಂಚು ಕವುಚಿದೆ. ಕೊಯ್ಯುವಾಗ ಕೈ ನಡುಗುತ್ತಿತ್ತು. ಎರಡೂವರೆ ತಿಂಗಳ ಮೇಲೆ ಕತ್ತರಿಸಿದ ಜಾಗದ ನಡುವಿನಿಂದ ತುದಿ ಮೊಂಡಾದ ಒಂದು ಹಸಿರು ಕಡ್ಡಿ ಮೇಲೆ ಬಂತು, ಬೆಂಕಿಕಡ್ಡಿಯಷ್ಟು. ಈಗ ಪೆಟ್ಟಿಗೆಯಲ್ಲಿ ಗೆದ್ದದ್ದು ಅದೇ ಗಿಡ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಮರದ ರೀಪಿನ ಚೌಕಟ್ಟು, ಸುಮಾರು ನಾಲ್ಕಡಿ ಚೌಕ, ಏಳಡಿ ಎತ್ತರ. ನಾಲ್ಕೂ ಕಡೆ ಎರಡು ಇಂಚಿನ ಥರ್ಮೋಕೋಲ್ ಹಲಗೆ. ಮೇಲೆ ಇಳಿಜಾರು ಮುಚ್ಚಳ, ಅದರಡಿ ಎರಡು ಬದಿಗೂ ಮೂರು ಬೆರಳು ಸಂದು. ಆ ಸಂದು ನೋಡಿದವರೆಲ್ಲ "ಶಾಖ ಹೋಗಲ್ವಾ" ಅಂತ ಕೇಳಿದರು. ಹೋಗಲಿ, ಜೊತೆಗೆ ತೇವವೂ ಹೋಗುತ್ತದೆ. ಬಿಸಿಲು ಬಂದ ದಿನ ಮುಚ್ಚಳವನ್ನೇ ಎತ್ತಿಡುತ್ತೇನೆ. ಬುಡಕ್ಕೆ ಮೊಣಕಾಲುದ್ದ ಒಣ ತರಗೆಲೆ. ಒಳಗೆ 7 ವಾಟಿನ 25 ತಂತಿ ಬಲ್ಬು, ಒಟ್ಟು 175 ವಾಟ್. ಬಲ್ಬು ಗರಿಗೂ ಥರ್ಮೋಕೋಲಿಗೂ ತಾಗಬಾರದು, ಎರಡನೇದು ಹತ್ತಿಕೊಳ್ಳುತ್ತದೆ. ಹಾಗಾಗಿ ನಾಲ್ಕು ಗೂಟ ನೆಟ್ಟು ಅವಕ್ಕೆ ಸುತ್ತಿದ್ದೇನೆ.

ದುಡ್ಡು ಉಳಿದದ್ದು ಚಳಿ ನೋಡಿ ತಾನೇ ಬಲ್ಬು ಹಚ್ಚಿ ಆರಿಸುವ ಥರ್ಮೋಸ್ಟಾಟಿನಲ್ಲಿ. ಮೊದಲು ಹಾಕಿದ್ದ ಸಾಧಾರಣ ಪ್ಲಗ್ 2 ಡಿಗ್ರಿಗೇ ಹತ್ತಿ 7ಕ್ಕೆ ಆರುತ್ತಿತ್ತು. ಈ ಪಾಮ್‌ಗೆ ಅಷ್ಟು ಮುದ್ದು ಬೇಡ. ನಾವೇ ಅಂಕಿ ಹಾಕುವಂಥದ್ದು ತಂದು ಮೈನಸ್ 5ಕ್ಕೆ ಹತ್ತಿ ಮೈನಸ್ 2ಕ್ಕೆ ಆರುವ ಹಾಗೆ ಇಟ್ಟೆ. ಆ ಚಳಿಗಾಲ ಪೂರ್ತಿ ಬಲ್ಬು ಉರಿದದ್ದು ಇಪ್ಪತ್ತು ಚಿಲ್ಲರೆ ರಾತ್ರಿ. ಮೈನಸ್ 18ರ ರಾತ್ರಿ ಒಳಗೆ ಮೈನಸ್ 6 ತೋರಿಸಿತು. ಹೀಟರ್ ವರ್ಷದ ಖರ್ಚಿನಲ್ಲಿ ಹತ್ತನೇ ಒಂದು ಪಾಲೂ ಆಗಲಿಲ್ಲ. ಚಳಿಗೆ ಮುಂಚೆ ಸುಳಿಯ ಬಟ್ಟಲಿಗೆ ನಾನು ಒಂದು ಪುಡಿ ಉದುರಿಸುತ್ತೇನೆ. ಅದೇನು ಅಂತ ಈಗ ಹೇಳಲ್ಲ, ಇನ್ನೆರಡು ಚಳಿಗಾಲ ನೋಡಬೇಕು.

ನಡುವೆ ಪೆಟ್ಟಿಗೆಯೊಳಗೆ ನೀರಿನ ಡ್ರಮ್ ಇಡುವ ಹುಚ್ಚೂ ಹಿಡಿದಿತ್ತು. 200 ಲೀಟರ್ ನೀರು ಹೆಪ್ಪುಗಟ್ಟುವಾಗ ಹೆಚ್ಚುಕಡಿಮೆ 18 ಯೂನಿಟ್ ಕರೆಂಟಿನಷ್ಟು ಶಾಖ ಬಿಡುತ್ತದೆ. ಲೆಕ್ಕ ಸರಿಯೇ. ಮೊದಲ ಮೂರು ರಾತ್ರಿ ಬಲ್ಬೇ ಹತ್ತಲಿಲ್ಲ, ಕುಣಿದಾಡಿದೆ. ಆಮೇಲೆ ಡ್ರಮ್ಮೇ ಇಡೀ ಗಡ್ಡೆಯಾಗಿ, ಹೊರಗೆ ಚಳಿ ಕಮ್ಮಿಯಾದ ಮೇಲೂ ಪೆಟ್ಟಿಗೆಯೊಳಗೆ ಫ್ರಿಜ್ಜಿನ ಹಾಗೆ ಕೂತಿತ್ತು. ಅಂಚಿನವರೆಗೆ ತುಂಬಿಸಿದ್ದರಿಂದ ಸೀಳಿಯೂ ಹೋಯಿತು. ಚಳಿ ಒಂದೆರಡು ರಾತ್ರಿ ಬಂದು ಹೋಗುವ ಕಡೆ ಇದು ನಡೆಯಬಹುದು.

ಬಾಳೆಗೆ ಇಷ್ಟೆಲ್ಲ ರಗಳೆ ಇಲ್ಲ. ನನ್ನಲ್ಲಿರುವ ಮೂಸಾ ಬಸ್ಜೂ ಅನ್ನುವ ಬಾಳೆಯ ಎಲೆ ಮೊದಲ ಹಿಮಕ್ಕೇ ಕಪ್ಪಾಗಿ ಜೋತು ಬೀಳುತ್ತದೆ, ಬೀಳಲಿ. ಎದೆ ಮಟ್ಟಕ್ಕೆ ಕಡಿದು, ಸುತ್ತ ತಂತಿ ಬಲೆ ಕಟ್ಟಿ, ಒಣ ತರಗೆಲೆ ತುಂಬಿ, ಮೇಲೆ ಮಾತ್ರ ನೀರು ಇಳಿಯದ ಹಾಗೆ ಮುಚ್ಚುತ್ತೇನೆ. ಒಮ್ಮೆ ಎಲೆ ಬದಲು ಹುಲ್ಲು ತುಂಬಿದೆ. ಇಲಿಗಳು ಸಂಸಾರ ಹೂಡಿ ಕಾಂಡ ಕೊರೆದು ತಿಂದವು. ಕಾಂಡ ಉಳಿದ ವರ್ಷ ಗಿಡ ಹತ್ತಡಿ ದಾಟುತ್ತದೆ, ಬರೀ ಗೆಡ್ಡೆಯಿಂದ ಎದ್ದ ವರ್ಷ ಆರಡಿ ಆದರೆ ಪುಣ್ಯ. ಕೆಂಪೆಲೆಯ ಎನ್ಸೀಟ್ ಬಾಳೆಯನ್ನು ನೆಲದಲ್ಲಿ ಬಿಡಬೇಡಿ. ಕಿತ್ತು, ತಲೆಕೆಳಗು ಮಾಡಿ ನೀರು ಬಸಿದು, ಒಣ ಮೂಲೆಯಲ್ಲಿ ಇಡಿ. ಕೆಸುವಿನ ಗೆಡ್ಡೆಯೂ ಅದೇ ಮೂಲೆಗೆ.

ನೀಡಲ್ ಪಾಮ್ ಒಂದಿದೆ, ಅದಕ್ಕೆ ನಾನು ಇದುವರೆಗೆ ತರಗೆಲೆ ಬಿಟ್ಟು ಏನೂ ಹಾಕಿಲ್ಲ, ಗರಿಯ ತುದಿಯೂ ಸುಟ್ಟಿಲ್ಲ. ಆದರೆ ಐದು ವರ್ಷದಲ್ಲಿ ಅದು ಬೆಳೆದದ್ದು ಒಂದು ಮೊಳ. ತಾಳ್ಮೆ ಇದ್ದವರು ಅದನ್ನೇ ನೆಡಿ, ನನಗಿಲ್ಲ.

ಮುಂದಿನ ಚಳಿಗೆ ಜೆಲ್ಲಿ ಪಾಮ್ ಸರದಿ. ಅದರ ಗರಿ ಬಿಲ್ಲಿನ ಹಾಗೆ ಹೊರಗೆ ಬಾಗುವುದರಿಂದ ಈ ಪೆಟ್ಟಿಗೆ ಸಾಲದು, ಹಗ್ಗ ಹಾಕಿ ಗರಿ ಮೇಲೆತ್ತಿ ಕಟ್ಟಬೇಕು. ಹಲಗೆಗಳಿಗೆ ಈ ಸಲ ಮಾರ್ಕರಿನಲ್ಲಿ ನಂಬರ್ ಬರೆದಿಟ್ಟಿದ್ದೇನೆ. ಕಳೆದ ಸಲ ಯಾವುದು ಎಡ, ಯಾವುದು ಬಲ ಅಂತ ಗೊತ್ತಾಗದೆ ಹಿಮ ಬೀಳುತ್ತಿರುವಾಗ ಎರಡು ಗಂಟೆ ಒದ್ದಾಡಿದ್ದೆ.