ಥಿಯೇಟರ್ ಎಕ್ಸ್‌ಪೋಗೆ ಹೋಗುವ ಕ್ಯಾಂಟೀನ್‌ನವರೇ, ಏನು ನೋಡಬೇಕು, ಏನು ತಿನ್ನಬೇಕು, ಏನು ಕೇಳಬೇಕು

ಕಲಬುರಗಿ, ಬೀದರ್, ಯಾದಗಿರಿ ಕಡೆ ಥಿಯೇಟರ್ ಕ್ಯಾಂಟೀನ್ ನಡೆಸುವವರು ಎಕ್ಸ್‌ಪೋ, ಅಂದರೆ ಥಿಯೇಟರ್ ಸಾಮಾನಿನ ವ್ಯಾಪಾರ ಮೇಳದ ಕಡೆ ತಲೆ ಹಾಕುವುದೇ ಕಡಿಮೆ. ಅದೆಲ್ಲ ಮಲ್ಟಿಪ್ಲೆಕ್ಸ್‌ನವರದ್ದು, ನಮಗ್ಯಾಕೆ ಅಂತ ಸುಮ್ನೆ ಇದ್ದುಬಿಡುತ್ತಾರೆ. ನಾನು ಹೇಳುವುದು ಉಲ್ಟಾ. ಹೋಗಲೇಬೇಕಾದವರು ನಾವು. ಮಲ್ಟಿಪ್ಲೆಕ್ಸ್‌ನವರ ಆಫೀಸಿಗೆ ಮಷಿನ್ ಕಂಪನಿಯವರೇ ಬಂದು ಡೆಮೊ ಕೊಟ್ಟು ಹೋಗುತ್ತಾರೆ. ಶಹಾಪುರದ ಟಾಕೀಸಿಗೋ ಹುಮನಾಬಾದ್ ಟಾಕೀಸಿಗೋ ಯಾರು ಬರುತ್ತಾರೆ ಹೇಳಿ? ನಾವೇ ಹೋಗಿ ಮುಟ್ಟಿ ನೋಡಬೇಕು, ತಿಂದು ನೋಡಬೇಕು, ರೇಟ್ ಕೇಳಬೇಕು. ಆದರೆ ಅಲ್ಲಿನ ಲೈಟು, ಪರಿಮಳ, ಪುಕ್ಕಟೆ ತಿಂಡಿ ನೋಡಿ ಮರುಳಾಗಬಾರದು. ನಮ್ಮ ಇಂಟರ್ವಲ್‌ನ ಹತ್ತು ನಿಮಿಷಕ್ಕೆ ಇದು ಆಗುತ್ತಾ ಅನ್ನುವುದನ್ನೇ ಪ್ರತಿ ಸ್ಟಾಲ್‌ನಲ್ಲೂ ಕೇಳಿಕೊಳ್ಳಬೇಕು.

ಮೊದಲು ಎಲ್ಲಿಗೆ ಅನ್ನುವುದು. ಪ್ರಪಂಚದಲ್ಲೇ ಹೆಸರುವಾಸಿಯಾದದ್ದು ಅಮೆರಿಕದ ಲಾಸ್ ವೇಗಸ್‌ನ ಸಿನಿಮಾಕಾನ್. 2011ಕ್ಕಿಂತ ಮೊದಲು ಅದೇ ಜಾತ್ರೆ ಶೋವೆಸ್ಟ್ ಅನ್ನುವ ಹೆಸರಲ್ಲಿ ನಡೆಯುತ್ತಿತ್ತು. ಯುರೋಪಿನವರದ್ದು ಬಾರ್ಸಿಲೋನಾದ ಸಿನಿಯುರೋಪ್. ಇವೆರಡರ ವಿಡಿಯೋಗಳನ್ನು ಮೊಬೈಲ್‌ನಲ್ಲಿ ನೋಡಿದರೆ ಸಾಕು, ಹೊಸದಾಗಿ ಏನು ಬಂದಿದೆ ಅಂತ ತಿಳಿಯುತ್ತದೆ. ನಮಗೆ ಕೈಗೆಟುಕುವುದು ಬಿಗ್ ಸಿನಿ ಎಕ್ಸ್‌ಪೋ. ಚೆನ್ನೈಯಲ್ಲೂ ನಡೆದಿದೆ, ಮುಂಬೈಯಲ್ಲೂ ನಡೆದಿದೆ. ಸೀಟು, ಸ್ಕ್ರೀನ್, ಪ್ರೊಜೆಕ್ಟರ್ ಜೊತೆಗೆ ಪಾಪ್‌ಕಾರ್ನ್ ಮಷಿನ್, ತಿಂಡಿ ಸ್ಟಾಲ್‌ಗಳೂ ಅಲ್ಲಿರುತ್ತವೆ. ಬರೀ ತಿಂಡಿ, ಅಡುಗೆ ಸಾಮಾನು ನೋಡಬೇಕು ಅಂದರೆ ದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಯುವ ಆಹಾರ್ ಮೇಳ ಇನ್ನೂ ದೊಡ್ಡದು. ಮುಂಬೈಗಾದರೆ ಕಲಬುರಗಿ, ಯಾದಗಿರಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಬೀದರ್‌ನಿಂದಲೂ ನೇರ ರೈಲಿದೆ. ಟ್ರೇಡ್ ವಿಸಿಟರ್ ಅಂತ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಹಾಕಿಸಿ, ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡು ಹೋಗಿ. ಕಾರ್ಡ್ ಇಲ್ಲದವರ ಜೊತೆ ಸ್ಟಾಲ್‌ನವರು ಎರಡು ಮಾತಾಡಿ ಮುಗಿಸಿಬಿಡುತ್ತಾರೆ.

ಊರು ಬಿಡುವ ಮುಂಚೆ ಒಂದು ಕೆಲಸ ಆಗಲೇಬೇಕು. ಒಂದು ಭಾನುವಾರ ಮ್ಯಾಟ್ನಿ ಇಂಟರ್ವಲ್‌ನಲ್ಲಿ ಗಲ್ಲಾ ಬೇರೆಯವರಿಗೆ ಬಿಟ್ಟು, ಈಚೆ ಬಂದು ಜನರ ಜೊತೆ ನಿಲ್ಲಿ. ಬಾಗಿಲು ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಬರುತ್ತಾರೆ, "ಕಾಕಾ, ಎರಡ್ ಪಾಪ್‌ಕಾರ್ನ್ ಕೊಡ್ರಿ, ಲಗೂನ ಕೊಡ್ರಿ" ಅಂತ ನೋಟು ಚಾಚುತ್ತಾರೆ, ಮೂರನೇ ಸಾಲಲ್ಲಿ ನಿಂತವರು ಸ್ವಲ್ಪ ಹೊತ್ತು ನೋಡಿ ಸುಮ್ಮನೆ ಒಳಗೆ ಹೋಗಿಬಿಡುತ್ತಾರೆ. ಆ ವಾಪಸ್ ಹೋದವರನ್ನು ಎಣಿಸಿ. ಒಬ್ಬ ಗಿರಾಕಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದಿಡಿ. ಆಮೇಲೆ ಕೌಂಟರ್ ಉದ್ದ ಅಗಲ ಅಳೆಯಿರಿ, 16 ಆಂಪ್ ಸಾಕೆಟ್ ಎಷ್ಟಿವೆ ನೋಡಿ, ಮೀಟರ್ ಎಷ್ಟು ಲೋಡ್ ತಡೆಯುತ್ತದೆ ಅಂತ ನಿಮ್ಮ ಎಲೆಕ್ಟ್ರಿಷಿಯನ್‌ನ ಕೇಳಿ. ಈ ಲೆಕ್ಕ ಜೇಬಿನಲ್ಲಿ ಇಲ್ಲದೆ ಎಕ್ಸ್‌ಪೋಗೆ ಹೋದರೆ ಅವರು ತೋರಿಸಿದ್ದೆಲ್ಲ ಬೇಕು ಅನಿಸುತ್ತದೆ.

ಈಗ ಮಷಿನ್. ಪಾಪ್‌ಕಾರ್ನ್ ಮಷಿನ್ ಹುಟ್ಟಿ ಬೆಳೆದಿದ್ದೇ ಇಂಥ ಜಾತ್ರೆಗಳಲ್ಲಿ ಅಂದರೂ ತಪ್ಪಿಲ್ಲ. ಶಿಕಾಗೋದ ಚಾರ್ಲ್ಸ್ ಕ್ರೆಟರ್ಸ್ ಅನ್ನುವವರು ಉಗಿಯಿಂದ ನಡೆಯುವ ತಮ್ಮ ಗಾಡಿಯನ್ನು 1893ರ ಶಿಕಾಗೋ ವಿಶ್ವ ಮೇಳದಲ್ಲಿ ಜನರ ಮುಂದಿಟ್ಟರು. ಅವರ ಹೆಸರಿನ ಕಂಪನಿ ಇವತ್ತಿಗೂ ಮಷಿನ್ ಮಾಡುತ್ತಿದೆ. ಮಷಿನ್ ಅಳತೆಯನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. 8 ಔನ್ಸ್ ಮಷಿನ್ ಅಂದರೆ ಒಂದು ಘಾಣಕ್ಕೆ, ಅಂದರೆ ಒಂದು ಸಲ ಹಾಕುವುದಕ್ಕೆ, ಸುಮಾರು 225 ಗ್ರಾಂ ಕಾಳು. ಒಂದು ಗ್ರಾಂ ಒಳ್ಳೆ ಕಾಳು ಅರಳಿದರೆ 40 ಸಿಸಿ, ಅಂದರೆ 40 ಮಿಲಿ ಲೀಟರ್, ಆಗುತ್ತದೆ ಅಂತ ಹಿಡಿಯೋಣ. ಅಲ್ಲಿಗೆ ಘಾಣಕ್ಕೆ 9 ಲೀಟರ್. ಒಂದೂವರೆ ಲೀಟರ್ ಡಬ್ಬಿ ಕೊಡುವುದಾದರೆ ಆರು ಡಬ್ಬಿ. ಘಾಣಕ್ಕೆ ಮೂರರಿಂದ ನಾಲ್ಕು ನಿಮಿಷ ಬೇಕು. ಹತ್ತು ನಿಮಿಷದ ಇಂಟರ್ವಲ್‌ನಲ್ಲಿ ಮೂರು ಘಾಣ, 18 ಡಬ್ಬಿ, ಅಷ್ಟೇ! ನಿಮ್ಮಲ್ಲಿ ಭಾನುವಾರ 60 ಡಬ್ಬಿ ಹೋಗುತ್ತದೆ ಅಂದರೆ 42 ಡಬ್ಬಿ ಬೆಲ್ ಹೊಡೆಯುವ ಮುಂಚೆಯೇ ರೆಡಿ ಇರಬೇಕು. ಅಂದರೆ 63 ಲೀಟರ್ ಬಿಸಿಯಾಗಿ, ಗರಿಗರಿಯಾಗಿ ಉಳಿಯುವ ಜಾಗ ಬೇಕು. ಹಾಗಾಗಿ ಕೆಟಲ್, ಅಂದರೆ ಕಾಳು ಅರಳುವ ಪಾತ್ರೆ, ಎಷ್ಟು ದೊಡ್ಡದು ಅಂತ ಕೇಳಿ ಸುಮ್ಮನಾಗಬೇಡಿ. ಗಾಜಿನ ಪೆಟ್ಟಿಗೆ ಎಷ್ಟು ಲೀಟರ್ ಹಿಡಿಯುತ್ತದೆ, ಕೆಳಗೆ ಹೀಟರ್ ಇದೆಯಾ, ಬಿಸಿಗಾಳಿ ಆಡುತ್ತದಾ ಕೇಳಿ. ನನಗೆ ಕೆಟಲ್‌ಗಿಂತ ಆ ಪೆಟ್ಟಿಗೆಯೇ ಮುಖ್ಯ. ಮಳೆಗಾಲದಲ್ಲಿ ಮಾಡಿಟ್ಟ ಪಾಪ್‌ಕಾರ್ನ್ ಅರ್ಧ ಗಂಟೆಯಲ್ಲಿ ಮೆತ್ತಗಾಗುವುದು ನಮಗೆಲ್ಲ ಗೊತ್ತಿರುವುದೇ ಅಲ್ವಾ.

ಸ್ಟಾಲ್ ಹುಡುಗನಿಗೆ ಕೆಟಲ್ ಬಿಚ್ಚಿ ತೋರಿಸು ತಮ್ಮಾ ಅನ್ನಿ. ಬೆಳಗ್ಗೆ ಹೊಳೆಯುವ ಕೆಟಲ್ ನೋಡಬೇಡಿ, ಸಂಜೆ ಐದಕ್ಕೆ ಹೋಗಿ. ಅಷ್ಟು ಹೊತ್ತಿಗೆ ತಳದಲ್ಲಿ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಅಂಟಾಗಿ ಕೂತಿರುತ್ತದೆ. ಕಾಳು ತಿರುಗಿಸುವ ಕಡ್ಡಿಯ ಬುಡದಲ್ಲಿ ಉಪ್ಪು, ಸುಟ್ಟ ಸಿಪ್ಪೆ ಸೇರಿ ಕರಿ ಉಂಗುರದ ಹಾಗೆ ಕಟ್ಟಿರುತ್ತದೆ. ಅದನ್ನು ನಿಮ್ಮೆದುರಿಗೇ ತೊಳೆಯಲು ಹೇಳಿ. ಎಷ್ಟು ಸ್ಕ್ರೂ ಬಿಚ್ಚಿದ, ಎಷ್ಟು ಹೊತ್ತು ಉಜ್ಜಿದ, ವೈರ್ ಒದ್ದೆಯಾಯಿತಾ ಅಂತ ನೋಡಿ. ಅವನಿಗೇ ಕಷ್ಟವಾದರೆ ರಾತ್ರಿ ಸೆಕೆಂಡ್ ಶೋ ಮುಗಿಸಿ ಮನೆಗೆ ಹೋಗುವ ಆತುರದಲ್ಲಿರುವ ನಮ್ಮ ಹುಡುಗ ಅದನ್ನು ತೊಳೆಯುವುದೇ ಇಲ್ಲ, ಮಾರನೇ ದಿನದ ಪಾಪ್‌ಕಾರ್ನ್ ಕಮಟು ವಾಸನೆ ಹೊಡೆಯುತ್ತದೆ. ಆಮೇಲೆ ಹೀಟಿಂಗ್ ಎಲಿಮೆಂಟ್ ಮತ್ತು ಥರ್ಮೋಸ್ಟಾಟ್ ಹೈದರಾಬಾದ್ ಅಥವಾ ಸೊಲ್ಲಾಪುರದಲ್ಲಿ ಸಿಗುತ್ತದಾ ಕೇಳಿ. ಸರ್ವಿಸ್‌ನವರು ಮುಂಬೈಯಿಂದಲೇ ಬರಬೇಕು ಅಂದರೆ ಆ ಮಷಿನ್ ಎಷ್ಟೇ ಚೆನ್ನಾಗಿರಲಿ, ಬೇಡ.

ಕಾಳಿನ ಸ್ಟಾಲ್‌ನಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಮಷಿನ್ ಒಂದು ಸಲ ಕೊಳ್ಳುತ್ತೀರಿ, ಕಾಳು ವರ್ಷವೆಲ್ಲ ಕೊಳ್ಳುತ್ತೀರಿ. ಪಾಪ್‌ಕಾರ್ನ್ ಎರಡು ಥರ. ರೆಕ್ಕೆ ಬಿಚ್ಚಿದ ಹಾಗೆ ಅರಳುವುದು ಬಟರ್‌ಫ್ಲೈ, ಗುಂಡಗೆ ಅರಳುವುದು ಮಶ್ರೂಮ್. ಉಪ್ಪಿನದ್ದಕ್ಕೆ ಬಟರ್‌ಫ್ಲೈ ಸರಿ, ಬಾಯಲ್ಲಿ ಹಗುರ, ಡಬ್ಬಿಯೂ ಬೇಗ ತುಂಬುತ್ತದೆ. ಕ್ಯಾರಮೆಲ್ ಹಾಕಿ ಕಲಸುವುದಾದರೆ ಮಶ್ರೂಮ್, ಅದು ಪುಡಿಯಾಗುವುದಿಲ್ಲ. ಕಾಳಿನೊಳಗೆ ನೂರಕ್ಕೆ ಹದಿಮೂರೂವರೆ, ಹದಿನಾಲ್ಕು ಭಾಗ ನೀರಿನಂಶ ಇರಬೇಕು. ಸುಮಾರು 180 ಡಿಗ್ರಿ ಬಿಸಿಗೆ ಆ ನೀರು ಆವಿಯಾಗಿ ಒಳಗೇ ಒತ್ತಡ ಕಟ್ಟಿ, ಗಟ್ಟಿ ಸಿಪ್ಪೆ ಒಡೆದು, ಒಳಗಿನ ಹಿಟ್ಟು ಹೊರಗೆ ಚಿಮ್ಮಿ ಅರಳುತ್ತದೆ. ನೀರಿನಂಶ ಕಡಿಮೆಯಾದರೆ ಕಾಳು ಸುಮ್ನೆ ಸುಡುತ್ತದೆ, ಅರಳುವುದಿಲ್ಲ.

ನಮ್ಮ ಅಜ್ಜಿಯಂದಿರು ಪಂಚಮಿಗೆ ಜೋಳದ ಅಳ್ಳು ಹುರಿಯುವ ಮುಂಚೆ ಜೋಳಕ್ಕೆ ನೀರು ಹಾಕಿ ಕಟ್ಟಿಡುತ್ತಿದ್ದದ್ದು ಇದೇ ಕಾರಣಕ್ಕೆ. ಈ ಮಾತು ನಮ್ಮ ಕಡೆಯವರಿಗೆ ಬಹಳ ಮುಖ್ಯ, ಯಾಕಂದರೆ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ, ಬಾಯಿ ಬಿಚ್ಚಿಟ್ಟ ಮೂಟೆಯ ಕಾಳು ಕೆಲವೇ ವಾರದಲ್ಲಿ ಒಣಗಿ ಡಬ್ಬಿಯ ತಳದಲ್ಲಿ ಅರಳದ ಕಾಳು ಜಾಸ್ತಿ ಉಳಿಯುತ್ತದೆ. ಆಮದು ಮೂಟೆ ಸಾಮಾನ್ಯವಾಗಿ 22.68 ಕೆಜಿ ಇರುತ್ತದೆ, ಅಂದರೆ 50 ಪೌಂಡ್. ತಂದ ದಿನವೇ ಗಾಳಿಯಾಡದ ಡ್ರಮ್‌ಗೆ ಸುರಿದು ಮುಚ್ಚಿ. ಒಣಗಿದೆ ಅನಿಸಿದರೆ ಕೆಜಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಅಲ್ಲಾಡಿಸಿ, ಎರಡು ಮೂರು ದಿನ ಮುಚ್ಚಿಡಿ, ಸರಿಹೋಗುತ್ತದೆ.

ಸ್ಟಾಲ್‌ನಲ್ಲಿ ಕಾಳು ಪರೀಕ್ಷೆ ಮಾಡುವುದಕ್ಕೆ ಅಂಗೈ ಅಗಲದ ಒಂದು ಡಿಜಿಟಲ್ ತೂಕದ ಮಷಿನ್ ಒಯ್ಯಿರಿ. ನೂರು ಗ್ರಾಂ ತೂಗಿ ಕೊಟ್ಟು ಅರಳಿಸಲು ಹೇಳಿ, ಉಳಿದ ಕಾಳನ್ನು ತೂಗಿ. ನಾಲ್ಕು ಸ್ಟಾಲ್ ಸುತ್ತಿದರೆ ಯಾರ ಕಾಳು ಹೇಗಿದೆ ಅಂತ ನಿಮ್ಮ ಚೀಟಿಯೇ ಹೇಳುತ್ತದೆ. ರುಚಿಯನ್ನು ಮಾತ್ರ ಅಲ್ಲೇ ನಿಂತು ಅಳೆಯಬೇಡಿ. ಬಿಸಿಬಿಸಿ ಪಾಪ್‌ಕಾರ್ನ್ ಎಲ್ಲವೂ ಚೆನ್ನಾಗಿರುತ್ತದೆ! ಸ್ವಲ್ಪ ಸ್ವಲ್ಪ ಕವರ್‌ನಲ್ಲಿ ಹಾಕಿಸಿಕೊಂಡು, ಮೇಲೆ ಸ್ಟಾಲ್ ಹೆಸರು ಬರೆದು, ರಾತ್ರಿ ಲಾಡ್ಜ್‌ನಲ್ಲಿ ಕೂತು ತಿನ್ನಿ. ಯಾವುದು ಇನ್ನೂ ಗರಿಗರಿ ಇದೆ, ಯಾವುದರ ಸಿಪ್ಪೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಯಾವುದು ಎಣ್ಣೆ ವಾಸನೆ ಬರುತ್ತದೆ, ಆಗ ಗೊತ್ತಾಗುತ್ತದೆ. ಗಿರಾಕಿ ಸೆಕೆಂಡ್ ಹಾಫ್ ಅರ್ಧಕ್ಕೆ ಬಂದಾಗ ತಿನ್ನುವುದು ಇಂಥ ಆರಿದ ಪಾಪ್‌ಕಾರ್ನೇ.

ಎಣ್ಣೆ ಕಾಳಿನ ತೂಕದ ಮೂರನೇ ಒಂದು ಭಾಗ ಸಾಕು. ಉಪ್ಪು ಹಿಟ್ಟಿನ ಹಾಗೆ ನುಣ್ಣಗಿರಬೇಕು, ಇಲ್ಲದಿದ್ದರೆ ಡಬ್ಬಿಯ ತಳಕ್ಕೆ ಹೋಗಿ ಕೂರುತ್ತದೆ. ಸಿನಿಮಾ ಪಾಪ್‌ಕಾರ್ನ್‌ಗೆ ಬಣ್ಣ ಹಾಕಿದ ರಿಫೈನ್ಡ್ ತೆಂಗಿನೆಣ್ಣೆ ಮಾರುತ್ತಾರೆ. ವಾಸನೆ ಇಲ್ಲದ್ದಾದರೆ ನಮ್ಮ ಜನಕ್ಕೆ ಒಗ್ಗುತ್ತದೆ, ತೆಂಗಿನ ವಾಸನೆ ಬಂದರೆ ಶೇಂಗಾ ಎಣ್ಣೆ ತಿಂದು ಬೆಳೆದವರು ಮುಖ ತಿರುಗಿಸುತ್ತಾರೆ. ಮೂಸಿ ನೋಡಿಯೇ ಕೊಳ್ಳಿ.

ಉಳಿದ ಸ್ಟಾಲ್‌ಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಾಚೋಸ್ ಚೀಸ್ ಪಂಪ್ ನೋಡಲು ಚೆಂದ, ಆದರೆ ಒಮ್ಮೆ ಬಿಚ್ಚಿದ ಪ್ಯಾಕೆಟ್ ಕೆಲವೇ ದಿನದಲ್ಲಿ ಖಾಲಿಯಾಗಬೇಕು, ಸೋಮವಾರದಿಂದ ಗುರುವಾರದವರೆಗೆ ಖಾಲಿ ಹೊಡೆಯುವ ಥಿಯೇಟರ್‌ಗೆ ಅದು ನಷ್ಟ. ಫ್ರೋಜನ್ ಫ್ರೈಸ್‌ಗೆ ಮೈನಸ್ 18 ಡಿಗ್ರಿ ಫ್ರೀಜರ್ ಬೇಕು, ಕರೆಂಟ್ ಹೋದಾಗ ಅದಕ್ಕೂ ಜನರೇಟರ್ ಲೈನ್ ಕೊಡಬೇಕು. ಬೊಂಬಾಯಿ ಮಿಠಾಯಿ ಮಷಿನ್ ತಂದರೆ ಬಿಳಿಯದ್ದೇ ಮಾರಿ. ಬಣ್ಣದ್ದನ್ನು 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ನಿಷೇಧ ಮಾಡಿದೆ, ರೋಡಮೈನ್-ಬಿ ಬಣ್ಣ ಸಿಕ್ಕಿದ್ದರಿಂದ. ಮಕ್ಕಳು ತಿನ್ನುವ ವಸ್ತು, ಇದರಲ್ಲಿ ರಾಜಿ ಬೇಡ.

ಇನ್ನು ನಮ್ಮ ತಿಂಡಿ. ಎಕ್ಸ್‌ಪೋದಿಂದ ಬಂದವರು ಮೊದಲು ಮಾಡುವುದು ಮಿರ್ಚಿ ಭಜಿ, ಚೂಡಾ, ಹುರಿದ ಶೇಂಗಾ ತೆಗೆದುಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಭಜಿಯ ವಾಸನೆ ಹಾಲ್ ಒಳಗೆ ಹೋದರೆ ಸಾಕು, ಇಂಟರ್ವಲ್‌ಗೆ ಜನ ತಾನಾಗಿ ಎದ್ದು ಬರುತ್ತಾರೆ. ಅದಕ್ಕೆ ಬೇಕಾಗಿರುವುದು ಹೊಸ ತಿಂಡಿ ಅಲ್ಲ, ಒಳ್ಳೆ ಪೊಟ್ಟಣ. ಎಣ್ಣೆ ಹೀರುವ, ಕೈ ಸುಡದ, ಕತ್ತಲಲ್ಲಿ ಹಿಡಿದು ತಿನ್ನಬಹುದಾದ ಕಾಗದದ ಡಬ್ಬಿ. ಪ್ಯಾಕಿಂಗ್ ಸ್ಟಾಲ್‌ನಲ್ಲಿ ಇಂಥವು ಬೇಕಾದಷ್ಟಿರುತ್ತವೆ, ಸ್ಯಾಂಪಲ್ ಕೇಳಿದರೆ ಕೊಡುತ್ತಾರೆ. ತಂದು ಬಿಸಿ ಭಜಿ ಹಾಕಿ ಹದಿನೈದು ನಿಮಿಷ ಬಿಟ್ಟು ತಳ ಮುಟ್ಟಿ ನೋಡಿ. ಕರಿದ ಎಣ್ಣೆಯನ್ನು ದಿನಗಟ್ಟಲೆ ತಿರುಗಿ ತಿರುಗಿ ಕಾಯಿಸಬೇಡಿ. ಕೆಟ್ಟ ಅಂಶ, ಅಂದರೆ ಟಿಪಿಸಿ, ನೂರಕ್ಕೆ 25 ದಾಟಿದ ಎಣ್ಣೆ ಬಳಸಬಾರದು ಅಂತ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ, ಅದನ್ನು ಅಳೆಯುವ ಮೀಟರ್ ಕೂಡ ಇಂಥ ಮೇಳಗಳಲ್ಲಿ ಸಿಗುತ್ತದೆ.

ನನಗೆ ಬಹಳ ಆಸೆ ಇರುವುದು ಜೋಳದ ಅಳ್ಳಿನ ಮೇಲೆ. ಎಕ್ಸ್‌ಪೋಗೆ ಹೋಗುವಾಗ ಅರ್ಧ ಕೆಜಿ ಜೋಳ ಕಟ್ಟಿಕೊಂಡು ಹೋಗಿ, ಮಷಿನ್‌ನವರ ಮುಂದಿಟ್ಟು ಇದನ್ನು ಅರಳಿಸಿ ಕೊಡ್ರಿ ಅನ್ನಿ. ಕಾಳು ಸಣ್ಣದು, ಅಳ್ಳೂ ಸಣ್ಣದು, ಪಾಪ್‌ಕಾರ್ನ್ ಮಷಿನ್‌ನ ತಳದ ತಟ್ಟೆಯ ತೂತಿನಲ್ಲಿ ಅರ್ಧ ಕೆಳಗೆ ಬೀಳುತ್ತದೆ, ಹಾಗಾಗಿ ಸಣ್ಣ ತೂತಿನ ತಟ್ಟೆ ಮಾಡಿಕೊಡುತ್ತೀರಾ ಅಂತಲೂ ಕೇಳಿ. ಒಗ್ಗರಣೆ, ಅರಿಶಿನ, ಉಪ್ಪು, ಸ್ವಲ್ಪ ಖಾರ, ಒಂದು ಹಿಡಿ ಶೇಂಗಾ, ಪುಟಾಣಿ. ಇದು ನಮ್ಮ ಹೊಲದ ಬೆಳೆ, ನಮ್ಮ ಜನಕ್ಕೆ ಗೊತ್ತಿರುವ ರುಚಿ. ನಮ್ಮ ಥಿಯೇಟರ್‌ಗಳಲ್ಲಿ ಸಿಗಲೇಬೇಕು ಅಂತ ನನ್ನ ಮನಸ್ಸು.

ರೇಟ್ ಮಾತಾಡುವಾಗ ಮೂರು ವಿಷಯ ನೆನಪಿರಲಿ. ಥಿಯೇಟರ್ ತಿಂಡಿಗೆ 5% ಜಿಎಸ್‌ಟಿ ಅಂತ 2023ರ ಜುಲೈನಲ್ಲಿ ಜಿಎಸ್‌ಟಿ ಕೌನ್ಸಿಲ್ ಸ್ಪಷ್ಟ ಮಾಡಿದೆ, ಆದರೆ ಅದರಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂದರೆ ಮಷಿನ್ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ, ಅದನ್ನೂ ಖರ್ಚಿಗೆ ಹಿಡಿಯಿರಿ. ಎರಡನೆಯದು, ಸಾಗಣೆ ಮತ್ತು ಫಿಟ್ಟಿಂಗ್ ಸೇರಿಸಿ ಕಲಬುರಗಿಗೆ ತಲುಪಿದ ರೇಟ್ ಎಷ್ಟು ಅಂತ ಬರೆಸಿಕೊಳ್ಳಿ. ಮೂರನೆಯದು, ಕೊನೆಯ ದಿನ ಮಧ್ಯಾಹ್ನ ಮತ್ತೆ ಹೋಗಿ. ಡೆಮೊ ಪೀಸ್ ವಾಪಸ್ ಹೊತ್ತೊಯ್ಯುವುದಕ್ಕಿಂತ ಮಾರುವುದೇ ಮೇಲು ಅಂತ ಕೆಲವರು ರೇಟ್ ಇಳಿಸುತ್ತಾರೆ, ವಾರಂಟಿ ಕಾರ್ಡ್ ಮೇಲೆ ಸೀಲ್ ಹಾಕಿಸಿಕೊಂಡೇ ದುಡ್ಡು ಕೊಡಿ.

ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರ್‌ಗೆ ಇದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅದೇ ಕೋರ್ಟ್ ಕುಡಿಯುವ ನೀರು ಪುಕ್ಕಟೆ ಇಡಬೇಕು, ಕೂಸಿನ ಊಟ ತಡೆಯಬಾರದು ಅಂತಲೂ ಹೇಳಿದೆ. ಹಾಗಾಗಿ ಕೊಳ್ಳುವ ಪಟ್ಟಿಯಲ್ಲಿ ಒಂದು ಒಳ್ಳೆ ವಾಟರ್ ಫಿಲ್ಟರ್ ಇರಲಿ. ಕಲಬುರಗಿ ಬೇಸಿಗೆಯಲ್ಲಿ ಟಿಕೆಟ್ ಕೊಂಡು ಬಂದವರಿಗೆ ತಣ್ಣೀರು ಕೊಡದೆ ಬಾಟಲಿ ಮಾರುವುದು ನ್ಯಾಯ ಅಲ್ಲ.

ಮಷಿನ್ ಬಂದ ಮೇಲೆ ದೊಡ್ಡ ಹೀರೋ ಸಿನಿಮಾದ ಶುಕ್ರವಾರ ಶುರು ಮಾಡಬೇಡಿ. ಮಂಗಳವಾರವೋ ಬುಧವಾರವೋ, ಜನ ಕಡಿಮೆ ಇರುವ ಶೋಗೆ ಹಚ್ಚಿ. ಬೆಲ್‌ಗೆ ಹದಿನೈದು ನಿಮಿಷ ಮುಂಚೆ ಮೊದಲ ಘಾಣ ಹಾಕಿ, ಎಷ್ಟು ಡಬ್ಬಿ ತುಂಬಿತು, ಎಷ್ಟು ಉಳಿಯಿತು, ಎಷ್ಟು ಕಾಳು ಅರಳಲಿಲ್ಲ ಅಂತ ಒಂದು ವಾರ ನೋಟ್‌ಬುಕ್‌ನಲ್ಲಿ ಬರೆಯಿರಿ. ಎರಡನೇ ಮೂಟೆಗೆ ಆರ್ಡರ್ ಕೊಡುವುದು ಆ ಪುಸ್ತಕ ನೋಡಿದ ಮೇಲೆ.